ಸ್ವಿಚ್ ರೀಲೋಡ್ ಮಾಡುವ ಮೊದಲು ಎರಡನೆಯ ದಾರಿಯನ್ನು ನೋಡಬೇಕು

ಹುಬ್ಬಳ್ಳಿಯಲ್ಲಿರುವ ನಮ್ಮ ಡೇಟಾ ಸೆಂಟರ್ ದೊಡ್ಡದಲ್ಲ. ಸಹಕಾರಿ ಸಂಘಗಳು, ಕೆಲವು ಆಸ್ಪತ್ರೆಗಳು, ಗದಗ ಮತ್ತು ಬ್ಯಾಡಗಿ ಕಡೆಯ ವರ್ತಕರು ತಮ್ಮ ಲೆಕ್ಕಪತ್ರದ ಸರ್ವರ್‌ಗಳನ್ನು ಇಲ್ಲಿ ಇಟ್ಟಿದ್ದಾರೆ. ಪ್ರತಿ ರ‍್ಯಾಕ್‌ನ ಮೇಲ್ಭಾಗದಲ್ಲಿ ಸರ್ವರ್‌ಗಳನ್ನು ನೆಟ್‌ವರ್ಕಿಗೆ ಜೋಡಿಸುವ ಎರಡು ಸ್ವಿಚ್‌ಗಳಿದ್ದು, ಒಂದೊಂದು ಸರ್ವರ್‌ನಿಂದಲೂ ಎರಡಕ್ಕೂ ಕೇಬಲ್ ಹೋಗುತ್ತದೆ. ಒಂದು ಸ್ವಿಚ್ ನಿಂತರೆ ಇನ್ನೊಂದು ಕೆಲಸ ನಡೆಸುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಸ್ವಿಚ್‌ನ ಒಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನ ಅಪ್‌ಡೇಟ್ ಎಂದರೆ ನನ್ನ ಮಟ್ಟಿಗೆ ಈ ನಂಬಿಕೆಯ ಪರೀಕ್ಷೆಯೇ. ಹೊಸ ಇಮೇಜ್ (ತಂತ್ರಾಂಶದ ಫೈಲ್) ಹಾಕಿ ರೀಲೋಡ್ ಕೊಡಲು, ಅಂದರೆ ಸ್ವಿಚನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಲು, ಹೆಚ್ಚು ಹೊತ್ತು ಬೇಕಾಗುವುದಿಲ್ಲ; ಆ ಹೊತ್ತಿನಲ್ಲಿ ಎರಡನೆಯ ದಾರಿ ಭಾರ ಹೊರುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳುವುದಕ್ಕೆ ನಮ್ಮ ಬಹುಪಾಲು ಶ್ರಮ ಹೋಗುತ್ತದೆ, ಹೋಗಲೂ ಬೇಕು.

ಅಪ್‌ಡೇಟ್ ಬೇಕೇ ಬೇಡವೇ ಎಂಬುದನ್ನು ತಯಾರಕರ ಭದ್ರತಾ ಪ್ರಕಟಣೆಯನ್ನು ಪೂರ್ತಿ ಓದಿಯೇ ತೀರ್ಮಾನಿಸಬೇಕು. 2018ರ ಏಪ್ರಿಲ್‌ನಲ್ಲಿ ಸಿಸ್ಕೋ ಕಂಪನಿಯ ಸ್ವಿಚ್‌ಗಳನ್ನು ದೂರದಿಂದಲೇ ಹೊಂದಿಸಲು ಇರುವ ಸ್ಮಾರ್ಟ್ ಇನ್‌ಸ್ಟಾಲ್ ಎಂಬ ಸೌಲಭ್ಯವನ್ನು ದುರುಪಯೋಗಪಡಿಸಿಕೊಂಡು ಇರಾನ್, ರಷ್ಯಾ ಮೊದಲಾದ ದೇಶಗಳಲ್ಲಿ ಸ್ವಿಚ್‌ಗಳ ಕಾನ್ಫಿಗರೇಶನ್ (ಹೊಂದಿಸಿಟ್ಟ ವಿವರಗಳು) ಅಳಿಸಿಹಾಕಲಾಯಿತು. ಆ ಸೌಲಭ್ಯವನ್ನು ಬಳಸದವರು ಅದನ್ನು ನಿಷ್ಕ್ರಿಯಗೊಳಿಸಿದ್ದರೆ, ಅದು ಬಳಸುವ 4786ನೇ ನೆಟ್‌ವರ್ಕ್ ಪೋರ್ಟನ್ನು ಹೊರಗಿನವರಿಗೆ ಮುಚ್ಚಿದ್ದರೆ ಸಾಕಾಗುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಸಿಸ್ಕೋದ ಐಒಎಸ್ ಎಕ್ಸ್‌ಇ ತಂತ್ರಾಂಶದ ವೆಬ್ ಪುಟದಲ್ಲಿ ಅತ್ಯಂತ ಗಂಭೀರ ದೋಷ ಹೊರಬಿದ್ದಾಗಲೂ, ಸರಿಪಡಿಸಿದ ಆವೃತ್ತಿ ಬರುವ ಮೊದಲು ಸಿಕ್ಕ ಸಲಹೆ ಆ ವೆಬ್ ಸೇವೆಯನ್ನು ನಿಲ್ಲಿಸಿ ಎಂಬುದಾಗಿತ್ತು. ಆದ್ದರಿಂದ ಮೊದಲು ಬೇಡದ ಸೇವೆಯನ್ನು ಅಂದೇ ಮುಚ್ಚಬೇಕು, ಆಮೇಲೆ ಅವಸರವಿಲ್ಲದೆ ಅಪ್‌ಡೇಟಿಗೆ ದಿನ ಗೊತ್ತುಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಹೆದರಿಕೆಯಲ್ಲಿ ಹಗಲು ಹೊತ್ತಿನಲ್ಲೇ ರೀಲೋಡ್ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಇಮೇಜ್ ಫೈಲಿನ ವಿಷಯ ಚಿಕ್ಕದು. ಹಳೆಯ ಅಭ್ಯಾಸದಂತೆ ಫೈಲ್ ಕಳುಹಿಸಲು ಟಿಎಫ್‌ಟಿಪಿ ಎಂಬ ಸರಳ ವಿಧಾನ ಬಳಸುವವರು ಇನ್ನೂ ಇದ್ದಾರೆ. ಆದರೆ ಅದರ ಮೂಲ ರೂಪದಲ್ಲಿ ಒಂದು ಬ್ಲಾಕಿಗೆ 512 ಬೈಟ್, ಬ್ಲಾಕ್ ಸಂಖ್ಯೆಗೆ 16 ಬಿಟ್ ಮಾತ್ರ ಇರುವುದರಿಂದ ಸುಮಾರು 32 ಎಂಬಿ ದಾಟಿದ ಫೈಲಿಗೆ ಅದು ಸಾಲದು. ಇಂದಿನ ಡೇಟಾ ಸೆಂಟರ್ ಸ್ವಿಚ್‌ಗಳ ಇಮೇಜ್ ಒಂದು ಜಿಬಿ ಮೀರುವುದು ಸಾಮಾನ್ಯ. ಸುರಕ್ಷಿತವಾಗಿ ಫೈಲ್ ಕಳುಹಿಸುವ ಎಸ್‌ಸಿಪಿ ಮೂಲಕ ಹಿಂದಿನ ದಿನವೇ ಕಳುಹಿಸಿ, ಸ್ವಿಚ್‌ನ ಮೇಲೆಯೇ ಫೈಲ್ ಬದಲಾಗಿಲ್ಲವೆಂದು ತೋರಿಸುವ ಎಸ್‌ಎಚ್‌ಎ-512 ಮೊತ್ತವನ್ನು ತೆಗೆದು ತಯಾರಕರು ಕೊಟ್ಟ ಮೊತ್ತದೊಡನೆ ಹೋಲಿಸುವುದು ಸರಿಯಾದ ಕ್ರಮ. ಸ್ವಿಚ್‌ನ ಫ್ಲ್ಯಾಶ್ ಸಂಗ್ರಹದಲ್ಲಿ ಜಾಗ ಸಾಲದಿದ್ದರೆ ಹಳೆಯ ಫೈಲ್‌ಗಳನ್ನು ಅಳಿಸಬಹುದು, ಆದರೆ ಈಗ ಓಡುತ್ತಿರುವ ಇಮೇಜನ್ನು ಮಾತ್ರ ಮುಟ್ಟಬಾರದು. ಕಾನ್ಫಿಗರೇಶನ್‌ನ ಪ್ರತಿಯೂ ಸ್ವಿಚ್‌ನ ಹೊರಗೆ ಇರಬೇಕು, ಏಕೆಂದರೆ ಹೊಸ ಆವೃತ್ತಿ ಬರೆದಿಟ್ಟ ಕಾನ್ಫಿಗರೇಶನ್ ಹಳೆಯ ಆವೃತ್ತಿಗೆ ಪೂರ್ತಿ ಅರ್ಥವಾಗದೇ ಹೋಗಬಹುದು.

ನಿಜವಾದ ಕೆಲಸವಿರುವುದು ಸರ್ವರ್‌ಗಳ ಕಡೆ. ಎರಡು ಕೇಬಲ್ ಕಣ್ಣಿಗೆ ಕಾಣುತ್ತವೆ, ಎರಡರ ದೀಪವೂ ಹಸಿರಾಗಿರುತ್ತದೆ. ಆದರೂ ಒಂದೇ ದಾರಿಯಲ್ಲಿ ಎಲ್ಲವೂ ಹರಿಯುತ್ತಿರಬಹುದು. ಲಿನಕ್ಸ್ ಸರ್ವರ್‌ನಲ್ಲಿ ಎಲ್‌ಎಸಿಪಿ ಬಾಂಡಿಂಗ್ (ಎರಡು ಕೇಬಲ್‌ಗಳನ್ನು ಒಂದೇ ಕೊಂಡಿಯಂತೆ ಬಳಸುವ ವಿಧಾನ) ಇದ್ದರೆ ಎರಡೂ ನೆಟ್‌ವರ್ಕ್ ಕಾರ್ಡ್‌ಗಳು ಒಂದೇ ಅಗ್ರಿಗೇಟರ್ (ಗುಂಪು) ಸಂಖ್ಯೆಯನ್ನು ತೋರಿಸಬೇಕು. ಸಂಖ್ಯೆ ಬೇರೆಯಾಗಿದ್ದರೆ ಅವುಗಳಲ್ಲಿ ಒಂದು ಕೇಬಲ್ ಸುಮ್ಮನೆ ಇದೆ ಎಂದೇ ಅರ್ಥ. ಇನ್ನು ಕೆಲವೆಡೆ ಒಂದು ವಿಎಲ್‌ಎಎನ್ ಅನ್ನು (ಅದೇ ಕೇಬಲ್‌ಗಳ ಮೇಲೆ ಬೇರೆಯಾಗಿ ನಡೆಯುವ ಉಪಜಾಲವನ್ನು) ಮೊದಲ ಸ್ವಿಚ್‌ನ ಟ್ರಂಕ್‌ಗೆ, ಅಂದರೆ ಹಲವು ವಿಎಲ್‌ಎಎನ್‌ಗಳನ್ನು ಒಟ್ಟಿಗೆ ಸಾಗಿಸುವ ಕೊಂಡಿಗೆ, ಸೇರಿಸಿ, ಎರಡನೆಯದಕ್ಕೆ ಸೇರಿಸದೆ ಬಿಟ್ಟಿರುತ್ತಾರೆ. ಮೊದಲ ಸ್ವಿಚ್ ಓಡುತ್ತಿರುವವರೆಗೆ ಯಾರಿಗೂ ಗೊತ್ತಾಗದ ಈ ಕೊರತೆ ಅದನ್ನು ನಿಲ್ಲಿಸಿದ ಕ್ಷಣದಲ್ಲಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರನ್ನೇ ನಿಲ್ಲಿಸುತ್ತದೆ. ಎರಡೂ ಸ್ವಿಚ್‌ಗಳ ವಿಎಲ್‌ಎಎನ್ ಪಟ್ಟಿಯನ್ನು ಅಕ್ಕಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಲೇಬೇಕು, ಮತ್ತು ಒಂದೇ ಕೇಬಲ್ ಇರುವ ಸಾಧನಗಳನ್ನು, ವಿಶೇಷವಾಗಿ ಬ್ಯಾಕಪ್ ಪೆಟ್ಟಿಗೆ ಹಾಗೂ ಸರ್ವರ್‌ಗಳ ಮ್ಯಾನೇಜ್‌ಮೆಂಟ್ ಪೋರ್ಟ್‌ಗಳನ್ನು, ಬೇರೆಯಾಗಿ ಬರೆದಿಟ್ಟುಕೊಂಡು ಅವುಗಳ ಮಾಲೀಕರಿಗೆ ಮುಂಚಿತವಾಗಿ ತಿಳಿಸಬೇಕು.

ಇಷ್ಟಾದ ಮೇಲೂ ನಾವು ನೇರವಾಗಿ ರೀಲೋಡ್ ಕೊಡುವುದಿಲ್ಲ. ಮೊದಲು ಆ ಸ್ವಿಚ್‌ನಲ್ಲಿ ಸರ್ವರ್‌ಗಳ ಕೇಬಲ್ ಸೇರುವ ಪೋರ್ಟ್‌ಗಳನ್ನು ಒಂದೊಂದಾಗಿ ಮುಚ್ಚುತ್ತೇವೆ. ಒಬ್ಬರು ಸ್ವಿಚ್‌ನ ಕನ್ಸೋಲ್‌ನಲ್ಲಿ ಕುಳಿತರೆ ಇನ್ನೊಬ್ಬರು ಸರ್ವರ್‌ಗಳು ಉತ್ತರಿಸುತ್ತಿವೆಯೇ ಎಂದು ತೋರಿಸುವ ಪಿಂಗ್ ಪರದೆಯನ್ನು ನೋಡುತ್ತಿರುತ್ತಾರೆ. ‘ಸರ, ಎರಡನೇ ಸರ್ವರ್ ಹೋತ್ರಿ, ಪೋರ್ಟ್ ತಗೀರಿ’ ಎಂಬ ಕೂಗು ಬಂದರೆ ಆ ಪೋರ್ಟನ್ನು ಮರಳಿ ತೆರೆಯಲು ಕೆಲವೇ ಕ್ಷಣ ಸಾಕು. ಅದೇ ದೋಷ ರೀಲೋಡ್ ಕೊಟ್ಟ ಮೇಲೆ ಗೊತ್ತಾದರೆ, ಸ್ವಿಚ್ ಪೂರ್ತಿ ಎದ್ದು ಬರುವವರೆಗೆ ಕೈಕಟ್ಟಿ ಕೂರುವುದಲ್ಲದೆ ಬೇರೆ ಮಾರ್ಗವಿಲ್ಲ. ಈ ಒಂದು ಹೆಜ್ಜೆಯನ್ನು ಬಿಟ್ಟು ಅಪ್‌ಡೇಟ್ ಮಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಕಳವಳವಾಗುತ್ತದೆ.

ಪೋರ್ಟ್‌ಗಳನ್ನು ಮುಚ್ಚಿದ ಸ್ಥಿತಿಯನ್ನು ಕಾನ್ಫಿಗರೇಶನ್‌ನಲ್ಲಿ ಸೇವ್ ಮಾಡಿಯೇ ರೀಲೋಡ್ ಕೊಡುತ್ತೇವೆ, ಅದಕ್ಕೂ ಕಾರಣವಿದೆ. ಸ್ವಿಚ್ ಏಳುವಾಗ, ಅದು ಪ್ಯಾಕೆಟ್‌ಗಳನ್ನು ಮುಂದೆ ಸಾಗಿಸಲು ಸಿದ್ಧವಾಗುವ ಮೊದಲೇ ಪೋರ್ಟ್‌ನ ದೀಪ ಹೊತ್ತಿಕೊಳ್ಳುವುದುಂಟು. ಆ ದೀಪವನ್ನು ನಂಬಿದ ಸರ್ವರ್ ತನ್ನ ಸಂಚಾರವನ್ನು ಈ ಕಡೆಗೆ ತಿರುಗಿಸಿದರೆ ಅದೆಲ್ಲ ಕಳೆದುಹೋಗುತ್ತದೆ. ಲಿನಕ್ಸ್ ಬಾಂಡಿಂಗ್‌ನಲ್ಲಿ ಇದಕ್ಕೆಂದೇ ಅಪ್‌ಡಿಲೇ ಎಂಬ ಕಾಯುವ ಅವಧಿ ಇದೆ, ಆದರೆ ಅದರ ಮೂಲ ಮೌಲ್ಯ ಸೊನ್ನೆ. ನಾವಾಗಿ ಹೊಂದಿಸದಿದ್ದರೆ ಅದು ಕಾಯುವುದಿಲ್ಲ. ಸೇವ್ ಮಾಡಿದ ಪೋರ್ಟ್‌ಗಳು ರೀಲೋಡ್ ಆದ ಮೇಲೂ ಮುಚ್ಚಿಯೇ ಇರುತ್ತವೆ. ಆಗ ಆವೃತ್ತಿ, ಫ್ಯಾನ್, ಪವರ್ ಸಪ್ಲೈ, ಮುಖ್ಯ ಜಾಲದ ಕಡೆಗಿನ ಅಪ್‌ಲಿಂಕ್‌ಗಳು, ಜೋಡಿ ಸ್ವಿಚ್‌ನೊಂದಿಗಿನ ಸಂಬಂಧ ಎಲ್ಲವನ್ನೂ ಸಮಾಧಾನದಿಂದ ನೋಡಿ, ಆಮೇಲೆ ತೆರೆಯಬಹುದು.

ಊರಿನ ಲೆಕ್ಕವೂ ಇದರಲ್ಲಿ ಸೇರುತ್ತದೆ. ಮೆಣಸಿನಕಾಯಿ ಹಂಗಾಮಿನಲ್ಲಿ ವರ್ತಕರ ಸರ್ವರ್ ಇರುವ ರ‍್ಯಾಕನ್ನು ನಾವು ಮುಟ್ಟುವುದಿಲ್ಲ, ತಿಂಗಳ ಕೊನೆಯಲ್ಲಿ ಸಹಕಾರಿ ಸಂಘಗಳದ್ದನ್ನು ಮುಟ್ಟುವುದಿಲ್ಲ. ಅದಕ್ಕಿಂತ ಮುಖ್ಯವಾದುದು ಬಿಡಿ ಸ್ವಿಚ್. ವರ್ಷಗಟ್ಟಲೆ ನಿಲ್ಲದೆ ಓಡಿದ ಸಾಧನ ಒಮ್ಮೆ ನಿಂತರೆ ಮತ್ತೆ ಏಳದಿರುವ ಸಾಧ್ಯತೆ ಕಲ್ಪನೆಯಲ್ಲ. 2017ರಲ್ಲಿ ಹಲವು ನೆಟ್‌ವರ್ಕ್ ಸಾಧನಗಳ ಒಳಗಿದ್ದ ಇಂಟೆಲ್ ಆಟಮ್ ಸಿ2000 ಚಿಪ್‌ನ ಕ್ಲಾಕ್ ದೋಷ ಬೆಳಕಿಗೆ ಬಂದಾಗ, ಅದು ಕೆಟ್ಟ ಸಾಧನಗಳು ಬೂಟ್ ಆಗುವುದೇ ಇಲ್ಲ ಎಂಬುದು ಲೋಕಕ್ಕೆಲ್ಲ ತಿಳಿಯಿತು. ಬೆಂಗಳೂರು ಇಲ್ಲಿಂದ 400 ಕಿಲೋಮೀಟರ್ ಆಚೆ ಇದೆ. ಬದಲಿ ಸ್ವಿಚ್ ಅಲ್ಲಿಂದ ಹೊರಟರೆ ರಸ್ತೆಯಲ್ಲೇ ಏಳೆಂಟು ತಾಸು ಕಳೆಯುತ್ತದೆ. ನಾಲ್ಕು ತಾಸಿನಲ್ಲಿ ಬದಲಿ ಕೊಡುವ ಒಪ್ಪಂದ ಹುಬ್ಬಳ್ಳಿ-ಧಾರವಾಡಕ್ಕೂ ಅನ್ವಯಿಸುತ್ತದೆಯೇ ಎಂದು ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕು. ಇಲ್ಲವಾದರೆ ಅದೇ ಮಾದರಿಯ ಒಂದು ಸ್ವಿಚ್‌ಗೆ ಹೊಸ ಆವೃತ್ತಿಯನ್ನು ಹಾಕಿ ನಮ್ಮಲ್ಲೇ ಇಟ್ಟುಕೊಳ್ಳಬೇಕು. ನಮ್ಮ ಆಯ್ಕೆ ಎರಡನೆಯದು.

ಜೋಡಿಯ ಎರಡನೆಯ ಸ್ವಿಚನ್ನು ಅದೇ ರಾತ್ರಿ ಅಪ್‌ಡೇಟ್ ಮಾಡಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಎರಡು ಆವೃತ್ತಿಗಳು ಒಂದೇ ಜೋಡಿಯಲ್ಲಿ ಬಹುಕಾಲ ಇರಬಾರದೆಂಬುದು ನಿಜ, ಆದರೆ ಹಗಲಿನ ಪೂರ್ಣ ಸಂಚಾರವನ್ನು ಹೊಸ ಆವೃತ್ತಿ ಒಮ್ಮೆ ಕಾಣದೆ ಹಳೆಯದನ್ನು ಬಿಟ್ಟುಕೊಡುವುದು ನನಗೆ ಸರಿ ಎನಿಸುವುದಿಲ್ಲ. ತಯಾರಕರು ಮಿಶ್ರ ಆವೃತ್ತಿಗೆ ಅವಕಾಶ ಕೊಟ್ಟಿದ್ದರೆ ಒಂದು ಕೆಲಸದ ದಿನವನ್ನು ನಡುವೆ ಬಿಟ್ಟು, ಆ ದಿನ ಎರಡೂ ಸ್ವಿಚ್‌ಗಳ ಕಾನ್ಫಿಗರೇಶನ್‌ನಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ಮರುದಿನ ರಾತ್ರಿ ಎರಡನೆಯದನ್ನು ಕೈಗೆತ್ತಿಕೊಳ್ಳುತ್ತೇವೆ. ಆಗ ಸರ್ವರ್‌ಗಳ ಪರಿಶೀಲನೆಯನ್ನು ಮತ್ತೆ ಮೊದಲಿನಿಂದ ಮಾಡುತ್ತೇವೆ, ಏಕೆಂದರೆ ಈ ಬಾರಿ ಭಾರ ಹೊರಬೇಕಾದದ್ದು ಮೊದಲ ಸ್ವಿಚ್‌ನ ಕೇಬಲ್‌ಗಳು.