ಹತ್ತು ವರ್ಷ ಜಾಡಿಯಲ್ಲಿ ಕೂರುವ ಅಂಟು

ಜಪಾನಿನ ಕ್ಯೋಟೋದ ಜನವರಿ ಚಳಿಗೆ ಬೆರಳು ಮರಗಟ್ಟುತ್ತವೆ. ಅಂಥದ್ದೊಂದು ಬೆಳಗ್ಗೆ, ಹಳೆಯ ಚಿತ್ರಪಟ ಸರಿಪಡಿಸುವವರ ಕೆಲಸದ ಮನೆಗೆ ಹೋಗಿದ್ದೆ. ಗೋಡೆಗೆ ತೂಗುಹಾಕಿ, ಆಮೇಲೆ ಸುರುಳಿ ಸುತ್ತಿಡುವ ಈ ಪಟಗಳಿಗೆ ಇಲ್ಲಿ ಕಾಕೆಜಿಕು ಅಂತಾರೆ. ಚಿತ್ರ ನೋಡೋಣ ಅಂತ ಹೋದವಳು ಮಣ್ಣಿನ ಜಾಡಿಯ ಮುಂದೆ ಕೂತುಬಿಟ್ಟೆ.

ಜಾಡಿಯಲ್ಲಿದ್ದದ್ದು ಗೋಧಿಯ ಅಂಟು. ಅಜ್ಜಿ ಹಲ್ವಕ್ಕೆ ಗೋಧಿ ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆಯುತ್ತಿದ್ದರಲ್ಲ, ಆ ಹಾಲು ತಳಕ್ಕೆ ಕೂತು ಬಿಳಿಯಾಗಿ ಸಿಗುವ ಪಿಷ್ಟವೇ ಇದು. ನೀರು ಹಾಕಿ, ಕೈ ಬಿಡದೆ ತಿರುವುತ್ತಾ ಕುದಿಸುತ್ತಾರೆ. ಗಟ್ಟಿಯಾದದ್ದನ್ನು ಜಾಡಿಗೆ ತುಂಬಿ, ಮೇಲೆ ನೀರು ನಿಲ್ಲಿಸಿ, ತಂಪಾದ ಕತ್ತಲಲ್ಲಿ ಇಡುತ್ತಾರೆ. ವರ್ಷಕ್ಕೊಮ್ಮೆ, ಚಳಿ ಜಾಸ್ತಿ ಇರುವ ಈ ದಿನಗಳಲ್ಲೇ, ಮುಚ್ಚಳ ತೆಗೆದು ಬೂಷ್ಟು ಕೆರೆದು ನೀರು ಬದಲಾಯಿಸುತ್ತಾರೆ. ಹೀಗೆ ಸುಮಾರು 10 ವರ್ಷ! ಆಗ ಅದು ಫುರುನೋರಿ, ಅಂದರೆ ಹಳೆಯ ಅಂಟು.

ಇಷ್ಟು ಕಾದು ಸಿಗುವುದು ಹೊಸದಕ್ಕಿಂತ ಎಷ್ಟೋ ಬಲ ಕಡಿಮೆಯ ಅಂಟು. ಅವರಿಗೆ ಬೇಕಾದದ್ದೂ ಅದೇ. ಚಿತ್ರದ ಬೆನ್ನಿಗೆ ಮೊದಲ ಕಾಗದ ಹಚ್ಚಲು ಹೊಸ ಅಂಟು. ಅದರ ಮೇಲಿನ ಪದರಗಳಿಗೆ ಫುರುನೋರಿ. ಅಂಟಿನ ಬಲ ಸಾಲದ್ದಕ್ಕೆ, ಗಡುಸು ಕೂದಲಿನ ಭಾರದ ಬ್ರಷ್ಷಿನಿಂದ ಟಪಟಪ ಬಡಿದು ಕಾಗದ ಕೂರಿಸುತ್ತಾರೆ. ಅಂಟು ಬಿರುಸಾಗಿದ್ದರೆ ಸುತ್ತಿ ಬಿಚ್ಚುವಾಗ ಚಿತ್ರ ಬಿರಿಯುತ್ತದೆ. ಇನ್ನೊಂದು ಕಾರಣವೂ ಇದೆ. ಎಷ್ಟೋ ವರ್ಷಗಳ ಮೇಲೆ ಪಟ ಮತ್ತೆ ರಿಪೇರಿಗೆ ಬಂದಾಗ, ತೇವ ಮಾಡಿದರೆ ಹಳೆಯ ಕಾಗದ ಚಿತ್ರಕ್ಕೆ ನೋವಾಗದಂತೆ ಬಿಟ್ಟುಕೊಳ್ಳಬೇಕು.

ನನಗೆ ನಮ್ಮೂರು ನೆನಪಾಯಿತು. ಅನ್ನದ ಅಗುಳು ಒತ್ತಿ ಗಾಳಿಪಟ ಅಂಟಿಸಿದವರು ನಾವು. ಪುಸ್ತಕಕ್ಕೆ ರಟ್ಟು ಹಾಕುವಾಗ ಅಪ್ಪ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ಬರಬಾರದು ಅಂತ. ಇಲ್ಲಿಯ ಅಡುಗೆಮನೆಯಲ್ಲೂ ಪಿಷ್ಟ ಬೇಕೇ ಬೇಕು. ಉದೋನ್ ಎಂಬ ದಪ್ಪ ಗೋಧಿ ನೂಡಲ್ಸಿನ ಸಾರು ಮಂದ ಮಾಡಲು ಆಲೂಗಡ್ಡೆಯ ಪಿಷ್ಟ ಕದಡಿ ಹಾಕುತ್ತಾರೆ, ನಾವು ಸಾಂಬಾರಿಗೆ ಅಕ್ಕಿಹಿಟ್ಟು ಕದಡಿದ ಹಾಗೆ.

ನಾನು ಹೊರಡುವ ಹೊತ್ತಿಗೆ ಹೊಸ ಜಾಡಿಯೊಂದನ್ನು ತುಂಬುತ್ತಿದ್ದರು. ತುಂಬುತ್ತಿದ್ದ ಹಿರಿಯರಿಗೆ 70 ದಾಟಿದೆ. ಕಾಗದದ ಮುಚ್ಚಳ ಕಟ್ಟಿ, ಅದರ ಮೇಲೆ ಈ ವರ್ಷವನ್ನು ನಿಧಾನವಾಗಿ ಬರೆದರು.