ನಿಂತ್ಕೊಂಡ ತಿಂತಿದ್ಲೇನ್ರಿ?

ಅಕ್ಕ ಹೋಗಿ ಈ ವಾರಕ್ಕೆ ಒಂದು ವರ್ಷವಾಯಿತು. ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ಹಿಂದಿನ ದಿನವೇ ಹೋಗಿದ್ದಳು. ಬಾಗಲಕೋಟೆ ನವನಗರದ ಅವಳ ಮನೆಯಲ್ಲಿ ವರ್ಷದ ಎಡೆ ಹಿಡಿದೆವು. ಬಂದವರು ಬಂದರು, ಉಂಡರು, ಹೋದರು. ಆದರೆ ಎಲ್ಲ ಮುಗಿದ ಮೇಲೆ ಪಡಸಾಲೆಯಲ್ಲಿ ನಡೆದ ಒಂದು ಮಾತು ನಾಲ್ಕು ದಿನವಾದರೂ ತಲೆಯಿಂದ ಹೋಗುತ್ತಿಲ್ಲ.

ಎಡೆಗೆ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಎಲ್ಲ ಇತ್ತು. ಅಕ್ಕನ ಗಂಡ, ನಮ್ಮ ಮಾಮಾ, ಮಾತ್ರ ಮಗಳಿಗೆ ಹೇಳಿ ಶೇಂಗಾ ಹೋಳಿಗೆಯನ್ನೂ ಮಾಡಿಸಿದ್ದರು. ಫೋಟೋದ ಮುಂದೆ ತಾವೇ ಇಟ್ಟರು. "ಆಕಿಗೆ ಇದು ಭಾಳ ಸೇರ್ತಿತ್ತು" ಅಂದರು. ನಾನೂ ಹೂಂ ಅಂದೆ. ಪ್ರತಿ ಸಲ ನಾನು ಬೆಳಗಾವಿಗೆ ಹೊರಟಾಗ ಅಕ್ಕ ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿ ಕೊಡುತ್ತಿದ್ದಳು. ಹದಿನೈದು ದಿನ ಇಟ್ಟರೂ ಕೆಡುತ್ತಿರಲಿಲ್ಲ. ಬಸ್ಸು ಲೋಕಾಪುರ ದಾಟುವಷ್ಟರಲ್ಲಿ ನಾನು ಎರಡು ತಿಂದು ಮುಗಿಸಿರುತ್ತಿದ್ದೆ.

ಬಾಜೂ ಮನೆ ಕಾಕು ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಮೆಲ್ಲಗೆ ಅಂದರು: "ಶೇಂಗಾ ಹೋಳಿಗಿ ಅಲ್ರಿ ಮಾಸ್ತರ್ರ. ಆಕಿಗೆ ಜೀವ ಅಂದ್ರ ಪುಂಡಿಪಲ್ಯ. ನಿಮಗ ಹುಳಿ ಆಗಿಬರಂಗಿಲ್ಲ ಅಂತ ಮನ್ಯಾಗ ಮಾಡ್ತಿರಲಿಲ್ಲ. ನಾ ಮಾಡಿದಾಗ ಒಂದು ಬಟ್ಟಲ ಕೊಡ್ತಿದ್ದೆ. ಕಾಂಪೌಂಡ್ ಹತ್ರ ನಿಂತು ತಿಂದು ಒಳಗ ಹೋಗ್ತಿದ್ಲು. ಮರುದಿನ ಬಟ್ಟಲ ತೊಳದು, ಏನರ ಹಾಕಿ ಕೊಡ್ತಿದ್ಲು. ಖಾಲಿ ಬಟ್ಟಲ ಒಮ್ಮೆನೂ ಕೊಡಲಿಲ್ಲ."

ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನಿಂತ್ಕೊಂಡ ತಿಂತಿದ್ಲೇನ್ರಿ?"

"ಹೌದ್ರಿ. ನಿಂತ್ಕೊಂಡ."

ಮತ್ತೆ ಸ್ವಲ್ಪ ಹೊತ್ತಿಗೆ, ಮೊದಲ ಸಲ ಕೇಳುವವರ ಹಾಗೆ: "ನಿಂತ್ಕೊಂಡ?"

ಅವರಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಮಾಮಾ ಕೆಟ್ಟವರಲ್ಲ. ಒಂದು ದಿನವೂ ಅಕ್ಕನ ಮೇಲೆ ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಹುಷಾರಿಲ್ಲದಾಗ ಅವಳ ಕಾಲು ಒತ್ತಿದ ಗಂಡಸು. ಅಂಥವರ ಮನೆಯಲ್ಲೂ ಅವಳು ತನಗೆ ಬೇಕಾದದ್ದನ್ನು ಕಾಂಪೌಂಡ್ ಹತ್ತಿರ ನಿಂತು ತಿಂದಳು ಅಂದರೆ ಏನು ಹೇಳಬೇಕು? ಯಾರೂ ಬೇಡ ಅಂದಿರಲಿಲ್ಲ. ನಿನಗೇನು ಬೇಕು ಅಂತ ಯಾರೂ ಕೇಳಿರಲೂ ಇಲ್ಲ.

ನಾನೂ ಕೇಳಲಿಲ್ಲ. ನನಗಂತೂ ಗೊತ್ತಿರಬೇಕಿತ್ತು. ನಮ್ಮದು ಹುನಗುಂದ ಕಡೆಯ ಎರೆ ಹೊಲ. ಬದುವಿನ ಗುಂಟ ಪುಂಡಿ ಬೆಳೆಯುತ್ತಿದ್ದೆವು. ಎಳೆಯ ಎಲೆ ಪಲ್ಯಕ್ಕೆ, ಬಲಿತ ಮೇಲೆ ಅದರ ನಾರು ಹಗ್ಗಕ್ಕೆ. ಅವ್ವ ಎಲೆ ಕುದಿಸಿ, ಜೋಳದ ನುಚ್ಚು, ಬೇಳೆ ಹಾಕಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಿದ್ದಳು. ನನಗೆ ಆ ಹುಳಿ ಕಂಡರೆ ಆಗುತ್ತಿರಲಿಲ್ಲ. ಅವ್ವ ಅತ್ತ ತಿರುಗಿದ ಕೂಡಲೇ ನನ್ನ ತಾಟಿನ ಪಲ್ಯವನ್ನು ಅಕ್ಕ ತನ್ನ ತಾಟಿಗೆ ಬಳಿದುಕೊಳ್ಳುತ್ತಿದ್ದಳು. ನನ್ನನ್ನು ಅವ್ವನ ಬೈಗುಳದಿಂದ ಉಳಿಸೋಕೆ ಹಾಗೆ ಮಾಡುತ್ತಾಳೆ ಅಂದುಕೊಂಡಿದ್ದೆ. ಕಾಕು ಹೇಳಿದ ಮೇಲೆ ಅವಳು ಬೆರಳು ನೆಕ್ಕುತ್ತಿದ್ದದ್ದು ನೆನಪಾಯಿತು. ಇಷ್ಟಪಟ್ಟೇ ತಿನ್ನುತ್ತಿದ್ದಳು ನಮ್ಮಕ್ಕ.

1994ರಲ್ಲಿ ಅವಳ ಮದುವೆ. ಆಗ ಬಾಗಲಕೋಟೆ ಇನ್ನೂ ಬಿಜಾಪುರ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಹಳೇ ಊರಿನ ಮನೆ, ತುಂಬಿದ ಸಂಸಾರ. ಹೋಳಿ ಬಂದರೆ ಹಲಗಿ ಸಪ್ಪಳಕ್ಕೆ ಮಾಳಿಗೆ ಹತ್ತಿ ನಿಲ್ಲುತ್ತಿದ್ದಳು. ಅತ್ತೆ ಕಟ್ಟುನಿಟ್ಟಿನ ಹೆಂಗಸು, ಅಡುಗೆಮನೆ ಅವರದೇ ಕೈಯಲ್ಲಿತ್ತು. ಆಮೇಲೆ ಆಲಮಟ್ಟಿ ಹಿನ್ನೀರಿಗೆ ಆ ಮನೆ ಹೋಯಿತು. ಎಲ್ಲರ ಹಾಗೆ ಇವರೂ ನವನಗರದ ಒಂದು ಸೆಕ್ಟರಿಗೆ ಬಂದರು. ಮಳೆಗಾಲದಲ್ಲಿ ಟಿವಿಯಲ್ಲಿ ಆಲಮಟ್ಟಿ 519.60 ಮೀಟರ್ ತುಂಬಿತು ಅಂತ ಬಂದರೆ, "ಇವತ್ತ ನಮ್ಮ ಅಡಗಿಮನಿಗೆ ನೀರ ಬಂದಿರತೈತಿ ನೋಡು" ಅನ್ನುತ್ತಿದ್ದಳು. ಆ ಮನೆ ಬಿದ್ದು ಎಷ್ಟೋ ವರ್ಷವಾಗಿತ್ತು. ಅವಳಿಗೆ ಮಾತ್ರ ಅದು ಕಡೆತನಕ ನಮ್ಮ ಅಡಗಿಮನಿಯೇ.

ಪಂಚಮಿಗೆ ಕರೆಯೋಕೆ ನಾನೇ ಹೋಗುತ್ತಿದ್ದೆ. ಉಂಡಿ ಡಬ್ಬಿ ಇಟ್ಟುಕೊಂಡು ಹೋಗಿ, ಅವಳ ಕೈಯ ಹೋಳಿಗೆ ನಾಲ್ಕು ತಿಂದು, ತುಪ್ಪ ಇನ್ನಷ್ಟು ಹಾಕು ಅಂತ ಕೇಳಿ ಹಾಕಿಸಿಕೊಂಡು ಬರುತ್ತಿದ್ದೆ. ಶೇಂಗಾ ಹೋಳಿಗೆ ಇಷ್ಟವಿದ್ದದ್ದು ನನಗೆ. ಅವಳು ಅಷ್ಟು ಮನಸ್ಸಿಟ್ಟು ಮಾಡುತ್ತಿದ್ದಳಲ್ಲ, ಮಾಮಾ ಅದನ್ನೇ ಅವಳ ಇಷ್ಟ ಅಂದುಕೊಂಡಿದ್ದಾರೆ. ಪ್ರತಿ ವರ್ಷ ಸಂತೆಯಿಂದ ಒಳ್ಳೆ ಶೇಂಗಾ ಆರಿಸಿ ತಂದಿದ್ದಾರೆ, ಪಾಪ.

ಅವತ್ತು ಊಟಕ್ಕೆ ಬಂದವರಲ್ಲಿ ಮೂರ್ನಾಲ್ಕು ಜನ "ಮುತ್ತೈದಿಯಾಗಿ ಹೋದ್ಲು, ಪುಣ್ಯವಂತಿ" ಅಂದರು. ನನಗೆ ಈ ಮಾತು ಸೇರುವುದಿಲ್ಲ. ಐವತ್ತಮೂರು ಹೋಗುವ ವಯಸ್ಸೇ? ಗಂಡನಿಗಿಂತ ಮೊದಲು ಹೋಗಿದ್ದನ್ನು ದೊಡ್ಡ ಭಾಗ್ಯ ಅಂತ ಹೇಳುವವರು ಅವಳು ಏನು ತಿಂದಳು, ಎಲ್ಲಿ ಕೂತಳು, ಯಾವಾಗ ಮಲಗಿದಳು ಅಂತ ಒಂದು ದಿನವಾದರೂ ನೋಡಿದ್ದಾರಾ?

ರಾತ್ರಿ ಅಲ್ಲೇ ಉಳಿದೆ. ಮಾಮಾ ನಿದ್ದೆ ಮಾಡಲಿಲ್ಲ. ಕತ್ತಲಲ್ಲೇ ಕೇಳಿದರು: "ಹೇಳಿದ್ರ ನಾ ಬ್ಯಾಡ ಅಂತಿದ್ನೇನೋ ತಮ್ಮಾ?" ಇಲ್ಲ ಮಾಮಾ ಅಂದೆ. ನಿಜಕ್ಕೂ ಅನ್ನುತ್ತಿರಲಿಲ್ಲ. ಅದೇ ಅವರಿಗೆ ಜಾಸ್ತಿ ನೋವು ಅಂತ ನನಗೆ ಅನಿಸುತ್ತದೆ.

ಮರುದಿನ ರೊಟ್ಟಿ ಹಬ್ಬ. ಕಾಕು ಕಾಂಪೌಂಡ್ ಮೇಲಿಂದ ಎರಡು ಸಜ್ಜಿ ರೊಟ್ಟಿ, ಒಂದು ಬಟ್ಟಲು ಪುಂಡಿಪಲ್ಯ ಕೊಟ್ಟರು. ಅಂಚು ಸ್ವಲ್ಪ ಬಾಗಿದ ಸ್ಟೀಲಿನ ಬಟ್ಟಲು. "ಇದ ಬಟ್ಟಲ್ರಿ" ಅಂದರು. ಮಾಮಾ ಒಳಗೆ ತರಲಿಲ್ಲ. ಅಲ್ಲೇ ನಿಂತು ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡರು. ಹುಳಿಗೆ ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು. ಪೂರ್ತಿ ತಿಂದರು. ಬಚ್ಚಲಿಗೆ ಹೋಗಿ ಬಟ್ಟಲನ್ನು ತಾವೇ ತೊಳೆದು, ಧೋತರದ ಚುಂಗಿನಿಂದ ಒರೆಸಿ, ಎಡೆಗೆ ಮಾಡಿದ್ದ ಶೇಂಗಾ ಹೋಳಿಗೆ ಎರಡನ್ನು ಮಡಚಿ ಅದರಲ್ಲಿಟ್ಟು, ಮತ್ತೆ ಕಾಂಪೌಂಡ್ ಹತ್ತಿರ ಹೋದರು.