ಕೈ ಕುಲುಕಿದ್ದು ಒಬ್ಬರೇನಾ?

ಫುಟ್‌ಬಾಲ್ ಆಟಗಾರ ಸಾಲೊಮನ್ ಕಲೂ ಅವರ ಆ ಹಳೇ ಲೈವ್ ವಿಡಿಯೊ ಇವತ್ತು ಮತ್ತೆ ಕಣ್ಣಿಗೆ ಬಿತ್ತು.

2020ರ ಮೇ 4. ಕೊರೊನಾದಿಂದ ಪಂದ್ಯಗಳೆಲ್ಲ ನಿಂತಿದ್ದ ಕಾಲ. ಬರ್ಲಿನ್‌ನಲ್ಲಿ ಅವರು ಆಡ್ತಿದ್ದ ಹೆರ್ಟಾ ಕ್ಲಬ್. ಕೈಯಲ್ಲಿ ಫೋನು. ಸಿಕ್ಕವರಿಗೆಲ್ಲ ಕೈ ಕುಲುಕ್ತಾರೆ. ಸಂಬಳ ಕಡಿತದ ಗೊಣಗಾಟವೂ ಕೇಳಿಸುತ್ತೆ. ಆಮೇಲೆ, ಕೊರೊನಾ ಟೆಸ್ಟ್‌ಗೆ ಸಹ ಆಟಗಾರನ ಸ್ವಾಬ್ ತೆಗೀತಿರೋ ಕೋಣೆಗೇ ನುಗ್ತಾರೆ.

ನನಗೆ ಕೆಟ್ಟದ್ದು ಅನಿಸಿದ್ದು ಅದೇ. ಸ್ವಾಬ್ ತೆಗೆಯುವಾಗ ಮಾಸ್ಕ್ ಇಳಿಸಿರ್ತಾರೆ. ಕಡ್ಡಿ ಗಂಟಲಿಗೆ ತಾಗಿದ್ರೆ ಓಕರಿಕೆ, ಕೆಮ್ಮು. ಹೊರಗಿನವರು ಕಾಲಿಡಲೇಬಾರದ ಜಾಗ ಅದು.

ಅವತ್ತೇ ಜರ್ಮನಿಯ ಫುಟ್‌ಬಾಲ್ ಲೀಗ್‌ನವರು 1,724 ಟೆಸ್ಟ್‌ಗಳಲ್ಲಿ 10 ಪಾಸಿಟಿವ್ ಅಂತ ಲೆಕ್ಕ ಕೊಟ್ಟಿದ್ರು. ಮತ್ತೆ ಪಂದ್ಯ ಶುರು ಮಾಡಬಹುದಾ ಅಂತ ಆಗಿನ ಚಾನ್ಸಲರ್ ಮರ್ಕೆಲ್ ಮತ್ತು ರಾಜ್ಯಗಳ ಮುಖ್ಯಸ್ಥರು ತೀರ್ಮಾನಿಸಬೇಕಿದ್ದದ್ದು ಮೇ 6ಕ್ಕೆ. ಶಾಲೆಗಳೇ ಪೂರ್ತಿ ತೆರೆದಿರಲಿಲ್ಲ. ಜನ ರೇಗಿದ್ದು ನ್ಯಾಯವೇ.

ಕ್ಲಬ್ ಕಲೂ ಅವರನ್ನ ಅಮಾನತು ಮಾಡ್ತು. ಸರಿ. ಆದ್ರೆ ತಿರುಗಿ ಕೈ ಕೊಟ್ಟವರೂ ಇದ್ರಲ್ಲ? ದಿನಾ ಬೆಳಗ್ಗೆ ಕೈ ಕುಲುಕೋದು ಡ್ರೆಸ್ಸಿಂಗ್ ರೂಮಿನ ವರ್ಷಗಳ ರೂಢಿ. ಗೋಡೆಗೆ ಸುತ್ತೋಲೆ ಅಂಟಿಸಿದ್ರೆ ಹೋಗಲ್ಲ, ಬಾಗಿಲಲ್ಲಿ ಒಬ್ಬರು ನಿಂತು ತಡೀಬೇಕು. ಇದನ್ನೆಲ್ಲ ಒಬ್ಬರ ದುಡ್ಡಿನ ಸೊಕ್ಕು ಅಂತ ಆಗ ಜನ ಮಾತು ಮುಗಿಸಿದ್ದು ನನಗೆ ಒಪ್ಪಿಗೆಯಿಲ್ಲ.

ಅದೇ ತಿಂಗಳು, ಅದೇ ಲೀಗ್‌ನ ಆಗ್ಸ್‌ಬರ್ಗ್ ತಂಡದ ಕೋಚ್ ಹೈಕೊ ಹೆರ್ಲಿಷ್, ಕ್ವಾರಂಟೈನ್‌ನಲ್ಲಿದ್ದ ಹೋಟೆಲ್ ಬಿಟ್ಟು ಅಂಗಡಿಗೆ ಹೋದ್ರು. ಟೂತ್‌ಪೇಸ್ಟ್, ಚರ್ಮದ ಕ್ರೀಮ್ ತರೋಕೆ! ಪತ್ರಿಕಾಗೋಷ್ಠಿಯಲ್ಲಿ ತಾವೇ ಹೇಳಿಬಿಟ್ರು. ತಪ್ಪು ಒಪ್ಪಿಕೊಂಡು, ಮೇ 16ರ ವುಲ್ಫ್ಸ್‌ಬರ್ಗ್ ಪಂದ್ಯದಿಂದ ದೂರ ಉಳಿದ್ರು. ಆ ತಂಡಕ್ಕೆ ಕೋಚ್ ಆಗಿ ಅವರ ಮೊದಲ ಪಂದ್ಯ ಆಗಬೇಕಿತ್ತು ಅದು.